ಎ ಸೈಡ್ ಅಜ್ಜ, ಬಿ ಸೈಡ್ ರಂಗೂನಮ್ಮ: ದಾವಣಗೆರೆಯ ಒಂದು ಕ್ಯಾಸೆಟ್ ಅಂಗಡಿ

ಮನೆಯಲ್ಲಿ ಹಳೇ ಕ್ಯಾಸೆಟ್ ಇಟ್ಟುಕೊಂಡು, ಅದರೊಳಗಿನ ದನಿ ಮತ್ತೆ ಕೇಳುತ್ತದೋ ಇಲ್ಲವೋ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕೇಳುತ್ತದೆ. ನಮ್ಮದು ಮೂವತ್ತು ವರ್ಷಕ್ಕೂ ಜಾಸ್ತಿ ಮೂಕವಾಗಿತ್ತು, ಈಗ ಮಾತಾಡುತ್ತಿದೆ.

ಅಂಗಡಿ ನಮ್ಮ ದಾವಣಗೆರೆಯಲ್ಲೇ ಇದೆ. ಅಶೋಕ ರಸ್ತೆಯಿಂದ ಒಳಕ್ಕೆ ಒಂದು ಸಂದಿ, ಅಲ್ಲಿ ಮೊದಲ ಮಹಡಿ. ಮೆಟ್ಟಿಲು ಕಡಿದಾಗಿವೆ, ಮಂಡಿ ನೋವಿರುವವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಬೋರ್ಡ್ ಮಾಸಿಹೋಗಿದೆ. ಅಂಗಡಿಯವರು ಒಬ್ಬರೇ ಕೆಲಸ ಮಾಡುವುದು. "ತಿಂಗಳಿಗೆ ಹತ್ತು ಹನ್ನೆರಡು ಕ್ಯಾಸೆಟ್ ಮಾಡಿದ್ರೆ ಹೆಚ್ಚು. ನನ್ನ ಹೆಸರು ಹಾಕಬ್ಯಾಡ್ರಿ ಮೇಡಂ, ಜನ ಜಾಸ್ತಿ ಬಂದ್ರೆ ಕೆಲಸ ಕೆಡ್ತದೆ" ಅಂದರು. ಅದಕ್ಕೆ ಹೆಸರು ಹಾಕುತ್ತಿಲ್ಲ. ಆ ಕಡೆ ಹೋಗಿ ಹಳೇ ರೇಡಿಯೋ, ಟೇಪ್ ರಿಪೇರಿ ಮಾಡುವವರು ಯಾರು ಅಂತ ಕೇಳಿದರೆ ಯಾರಾದರೂ ಬೆರಳು ತೋರಿಸುತ್ತಾರೆ.

ಮೊದಲು ಕ್ಯಾಸೆಟ್ ಬಗ್ಗೆ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ಆ ಅಂಗಡಿಯವರು ಮಾಡಿದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ.

1987ರ ದೀಪಾವಳಿ. ಮಸ್ಕತ್‌ನಲ್ಲಿದ್ದ ಮಾಮ ಊರಿಗೆ ಬಂದಿದ್ದ. ಹೊಸ ಟೇಪ್ ರೆಕಾರ್ಡರ್ ತಂದಿದ್ದ. ನನಗಾಗ ಹದಿನೈದು ವರ್ಷ. ಮನೆಯವರೆಲ್ಲ ಹಾಡಿದ್ದು ರೆಕಾರ್ಡ್ ಆದಮೇಲೆ ಮಾಮ ಅದನ್ನು ಅಜ್ಜನ ಮುಂದೆ ತಂದಿಟ್ಟ. ಹೊಸ ತೊಂಬತ್ತು ನಿಮಿಷದ ಕ್ಯಾಸೆಟ್ ಹಾಕಿದ. "ಅಪ್ಪಾ, ನಿನ್ನ ವಿಮಾನದ ಕಥೆ ಹೇಳು" ಅಂದ.

ಅಜ್ಜ ಹುಟ್ಟಿದ್ದು ದಾವಣಗೆರೆಯಲ್ಲಿ. ಆಗ ಇದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಇಪ್ಪತ್ತನೇ ವಯಸ್ಸಿಗೆ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದ. ಈಗ ನಾವೆಲ್ಲ ಎಚ್‌ಎಎಲ್ ಅನ್ನುತ್ತೀವಲ್ಲ, ಅದೇ. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್ 23ರಂದು ಶುರು ಮಾಡಿದ ಕಾರ್ಖಾನೆ. ಯುದ್ಧ ಜೋರಾದಮೇಲೆ, 1943ರಲ್ಲಿ, ಅದು ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. 84ನೇ ಏರ್ ಡಿಪೋ ಅಂತ ಹೆಸರಾಯಿತು. ಬರ್ಮಾ ಕಡೆ ಹಾರುತ್ತಿದ್ದ ದೊಡ್ಡ ದೊಡ್ಡ ವಿಮಾನಗಳು ಅಲ್ಲಿ ರಿಪೇರಿಗೆ ಬರುತ್ತಿದ್ದವು. ಅಜ್ಜನ ಕೆಲಸ ರಿವೆಟ್ ಹೊಡೆಯುವುದು, ಅಂದರೆ ತಗಡುಗಳನ್ನು ಮೊಳೆಯಂಥ ಪಿನ್ನಿನಿಂದ ಜೋಡಿಸುವುದು. ಯುದ್ಧ ಮುಗಿದಮೇಲೂ ಅಲ್ಲೇ ಇದ್ದ. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ 42ನ್ನು ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದರು, ನಮ್ಮ ದೇಶದ ವಾಯುಪಡೆಗೆ ಕೊಟ್ಟರು. ಆ ಕೆಲಸಕ್ಕೂ ಅಜ್ಜ ಕೈ ಹಾಕಿದ್ದ. 1950ರಲ್ಲಿ ಊರಿಗೆ ವಾಪಸ್ ಬಂದು ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆದ. ಮಿಲ್ಲಿನ ಹಿಂದಿನ ವಠಾರದಲ್ಲಿ ಮನೆ ಮಾಡಿದ. ನಾನು ಬೆಳೆದಿದ್ದು ಆ ವಠಾರದಲ್ಲಿ.

ರಂಗೂನಮ್ಮನ ಮನೆ ಅದೇ ವಠಾರದ ಕೊನೆಯದು. ಅವರ ನಿಜವಾದ ಹೆಸರು ಬೇರೆ. ಚಿಕ್ಕ ಹುಡುಗಿಯಾಗಿದ್ದಾಗ ಬರ್ಮಾದ ರಂಗೂನ್‌ನಿಂದ ಬಂದವರು ಅಂತ ಎಲ್ಲರೂ ಹಾಗೆ ಕರೆಯುತ್ತಿದ್ದರು. ಮನೆಮಾತು ತೆಲುಗು, ಆಡುತ್ತಿದ್ದದ್ದು ನಮ್ಮೂರ ಕನ್ನಡ. ಅಜ್ಜನನ್ನು "ಅಣ್ಣಯ್ಯ" ಅನ್ನುತ್ತಿದ್ದರು. ಅವತ್ತು ಹಬ್ಬದ ದಿನ ಬಂದು ಕೂತಿದ್ದರು. ಎ ಸೈಡ್ ಪೂರ್ತಿ ಅಜ್ಜ ಮಾತಾಡಿದ. ಕ್ಯಾಸೆಟ್ ತಿರುಗಿಸುವ ಹೊತ್ತಿಗೆ ಮಾಮ "ನೀವೂ ಹೇಳ್ರಿ ಅಮ್ಮಾ" ಅಂದ. ಅಷ್ಟರಲ್ಲಿ ನನ್ನನ್ನು ಅಡುಗೆಮನೆಗೆ ಕರೆದರು. ನಾನು ಅಲ್ಲಿ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದೆ, ಆಮೇಲೆ ಕಾಫಿ ಮಾಡಿದೆ. ಹಾಗಾಗಿ ಬಿ ಸೈಡ್‌ನಲ್ಲಿ ಏನಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

1991ರಲ್ಲಿ ಅಜ್ಜ ಹೋದ. ಹದಿಮೂರನೇ ದಿನ ಕ್ಯಾಸೆಟ್ ಹಾಕಲು ಹೋದಾಗ ಟೇಪು ಒಳಗೆ ಸುತ್ತಿಕೊಂಡು ಸಿಕ್ಕಿಹಾಕಿಕೊಂಡಿತು. ಬಿಡಿಸಿ, ಪೆನ್ಸಿಲ್‌ನಲ್ಲಿ ಸುತ್ತಿ, ಅಮ್ಮ ಟ್ರಂಕಿನಲ್ಲಿ ಇಟ್ಟುಬಿಟ್ಟಳು. ರಂಗೂನಮ್ಮ ಹೋಗಿದ್ದು 2003ರಲ್ಲಿ. ಹೋದ ವರ್ಷ ಅಮ್ಮನ ಟ್ರಂಕು ತೆಗೆದಾಗ ಕ್ಯಾಸೆಟ್ ಸಿಕ್ಕಿತು. ಟೇಪಿನ ಮೇಲೆ ಬಿಳೀ ಪುಡಿ ಕೂತಿತ್ತು. ಬೇರೆ ಊರಿನ ಒಂದು ದೊಡ್ಡ ಸ್ಟುಡಿಯೋಗೆ ಕೊರಿಯರ್ ಮಾಡಿದೆ. ಎರಡು ತಿಂಗಳು ಇಟ್ಟುಕೊಂಡು "ಆಗಲ್ಲ" ಅಂತ ವಾಪಸ್ ಕಳಿಸಿದರು. ಬಂದಾಗ ಟೇಪು ಒಂದು ಕಡೆ ತುಂಡಾಗಿತ್ತು. ಅವತ್ತು ನಾನು ಅತ್ತಿದ್ದೇನೆ.

ಆಮೇಲೆ ನಮ್ಮ ಶಾಲೆಯ ಒಬ್ಬ ಸಹೋದ್ಯೋಗಿ ಈ ಅಂಗಡಿ ಹೇಳಿದರು.

ಅಂಗಡಿಯವರು ಕ್ಯಾಸೆಟ್ ಕೈಗೆ ತಗೊಂಡು ಮೊದಲು ಮಾಡಿದ್ದು ಏನು ಗೊತ್ತಾ? ಮೂಸಿ ನೋಡಿದರು. "ಬೂಸ್ಟು. ಆದ್ರೆ ಟೇಪು ಸತ್ತಿಲ್ಲ" ಅಂದರು. ಆಮೇಲೆ ದೀಪದ ಕೆಳಗೆ ಹಿಡಿದು ತೋರಿಸುತ್ತಾ ಹೋದರು. ಈ ಕ್ಯಾಸೆಟ್‌ಗೆ ಸ್ಕ್ರೂ ಇಲ್ಲ, ಅಂಟಿಸಿದ ಡಬ್ಬಿ, ಹಾಗಾಗಿ ಬ್ಲೇಡಿನಿಂದ ಬಿಡಿಸಿ ಸ್ಕ್ರೂ ಇರುವ ಬೇರೆ ಡಬ್ಬಿಗೆ ಹಾಕಬೇಕು. ಟೇಪನ್ನು ಹೆಡ್‌ಗೆ, ಅಂದರೆ ಯಂತ್ರದಲ್ಲಿ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಒಂದು ಪುಟ್ಟ ಬಟ್ಟೆ ತುಂಡು ಇರುತ್ತದಂತೆ, ಅದು ಉದುರಿಹೋಗಿತ್ತು. ತುಂಡಾದ ಕಡೆ ವಿಶೇಷ ಟೇಪ್ ಹಾಕಿ ಜೋಡಿಸಬೇಕು, ಸಾಮಾನ್ಯ ಅಂಟುಪಟ್ಟಿ ಹಾಕಿದರೆ ಅಂಟು ಕರಗಿ ಪಕ್ಕದ ಸುತ್ತಿಗೂ ಹತ್ತುತ್ತದೆ. ಬೂಸ್ಟನ್ನು ಸ್ವಲ್ಪ ಸ್ವಲ್ಪವಾಗಿ ಕೈಯಲ್ಲೇ ಒರೆಸಬೇಕು. ಪ್ರತಿ ಸಲ ಓಡಿಸಿದಮೇಲೆ ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಇಷ್ಟೂ ಹೇಳಿ, "ಐದು ದಿನ" ಅಂದರು. ಅಡ್ವಾನ್ಸ್ ಕೇಳಲಿಲ್ಲ.

ಐದು ದಿನ ಹದಿಮೂರು ದಿನ ಆಯಿತು. ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಇದು ನನಗೆ ಸರಿ ಕಾಣಲಿಲ್ಲ, ಅವರಿಗೂ ಹೇಳಿದ್ದೇನೆ. ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಇಂಥ ವಸ್ತು ಕೊಟ್ಟು ಕಾಯುವವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೊಂದು, ಅವರು ಕೊಡುವ ಚೀಟಿಯಲ್ಲಿ ತಾರೀಖು ಮತ್ತು ದುಡ್ಡು ಬಿಟ್ಟು ಏನೂ ಇರುವುದಿಲ್ಲ. ಕ್ಯಾಸೆಟ್‌ನ ಎರಡೂ ಕಡೆ ಫೋಟೋ ತೆಗೆದಿಟ್ಟುಕೊಂಡು ಕೊಡಿ.

ಹದಿಮೂರನೇ ದಿನ ಕರೆ ಬಂತು. ಹೋದೆ. ಸ್ಟೂಲ್ ಎಳೆದು ಕೂರಿಸಿ, ಹೆಡ್‌ಫೋನ್ ಕೊಟ್ಟರು. ಮೊದಲು ಕೇಳಿಸಿದ್ದು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಅವರು ಯಂತ್ರದೊಳಗಿನ ಒಂದು ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಕಂಬಳಿ ಸರಿಯಿತು. ಅಜ್ಜ ಕೆಮ್ಮಿದ. ಬೀಡಿ ಸೇದಿದವರ ಆ ಒಣ ಕೆಮ್ಮು. ಆಮೇಲೆ, "ಶುರು ಆತೇನೋ?" ಅಂದ. ನಾನು ಟೇಬಲ್ಲಿನ ಅಂಚು ಹಿಡಿದುಕೊಂಡೆ.

ಎ ಸೈಡ್ ನನಗೆ ಸ್ವಲ್ಪ ನೆನಪಿತ್ತು. ಆದರೆ ಹದಿನೈದು ವರ್ಷದ ಹುಡುಗಿ ಕೇಳುವುದಕ್ಕೂ ಐವತ್ತು ದಾಟಿದವಳು ಕೇಳುವುದಕ್ಕೂ ಎಷ್ಟೊಂದು ವ್ಯತ್ಯಾಸ! ಅಜ್ಜ ಲಿಬರೇಟರ್ ವಿಮಾನವನ್ನು ವರ್ಣಿಸುತ್ತಾನೆ. ನಾಲ್ಕು ಇಂಜಿನ್. ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ. ಬಾಂಬ್ ಇಡುವ ಹೊಟ್ಟೆಯ ಬಾಗಿಲು ಕೆಳಗೆ ತೆರೆದುಕೊಳ್ಳುವುದಿಲ್ಲ, "ಮಂಡಿ ಅಂಗಡಿ ಷಟರ್ ಹಂಗೆ ಮ್ಯಾಲಕ್ಕೆ ಸುತ್ತಿಕೊಂತಿತ್ತು". ಆ ಹೊಟ್ಟೆಯ ನಡುವೆ ಒಂದು ಗೇಣಿನಷ್ಟು ಅಗಲದ ಹಲಗೆ. ಹಾರುವಾಗ ಹುಡುಗರು ಅದರ ಮೇಲೆ ಕಾಲಿಟ್ಟುಕೊಂಡೇ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು. ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಒಬ್ಬ ರಿವೆಟ್ ಗನ್ ಹಿಡಿಯುತ್ತಾನೆ, ಒಳಗೆ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾನೆ. ಅಜ್ಜ ತೆಳ್ಳಗಿದ್ದ, ಹಾಗಾಗಿ ಯಾವಾಗಲೂ ಅವನನ್ನೇ ಒಳಗೆ ಕಳಿಸುತ್ತಿದ್ದರು.

ಒಳಗೆ ಹೋದವನಿಗೆ ಹೊರಗಿನವರಿಗೆ ಕಾಣದ್ದು ಕಾಣುತ್ತದೆ. ಗುಂಡು ತೂರಿದ ತೂತಿನಿಂದ ಬಿಸಿಲು ಕೋಲಿನ ಹಾಗೆ ಒಳಗೆ ಬೀಳುತ್ತಿತ್ತಂತೆ. ಒಂದು ವಿಮಾನದಲ್ಲಿ ಇಪ್ಪತ್ತೆಂಟು ಕೋಲು ಎಣಿಸಿದ್ದನಂತೆ. ಹಾರುವಾಗ ಮೆಷಿನ್ ಗನ್ ಹಿಡಿಯುವವನು ನಿಲ್ಲುವ ಕಿಟಕಿಯ ಹತ್ತಿರ, ತಗಡಿನ ಮೇಲೆ, ಯಾರೋ ಪೆನ್ಸಿಲ್‌ನಲ್ಲಿ ಒಂದು ಹುಡುಗಿಯ ಹೆಸರು ಬರೆದಿದ್ದರು. ಇನ್ನೊಂದರಲ್ಲಿ ಮಗುವಿನ ಉಣ್ಣೆಯ ಕಾಲುಚೀಲ ಒಂದನ್ನು ದಾರದಲ್ಲಿ ಕಟ್ಟಿದ್ದರು. ಒಂದೇ ಒಂದು, ಜೋಡಿ ಅಲ್ಲ. ಆ ಜಾಗಕ್ಕೇ ತೇಪೆ ಹಾಕಬೇಕಿತ್ತು. ಅಜ್ಜ ಬಿಚ್ಚಲಿಲ್ಲ. ಮೇಸ್ತ್ರಿ ಬೈದರೂ ಬಿಚ್ಚಲಿಲ್ಲ. ದಾರವನ್ನು ಪಕ್ಕಕ್ಕೆ ಹಿಡಿದು ಸುತ್ತಲೂ ರಿವೆಟ್ ಹೊಡೆಸಿದ. "ಅದು ಅವನ ದೇವರು ಇದ್ದಂಗೆ" ಅನ್ನುತ್ತಾನೆ ಟೇಪಿನಲ್ಲಿ. ಬಾಲದ ನಂಬರ್ ನೆನಪಿಟ್ಟುಕೊಂಡಿದ್ದ. ಆ ನಂಬರ್ ಮತ್ತೆ ಬರಲಿಲ್ಲ. ಬೇರೆ ಡಿಪೋಗೆ ಹೋಗಿರಬಹುದು ಅಂತ ಅವನೇ ಹೇಳುತ್ತಾನೆ. ಹೇಳುವಾಗ ದನಿ ಸಣ್ಣದಾಗುತ್ತದೆ.

ಬಿ ಸೈಡ್ ಶುರುವಾಗುವುದು ಮಿಲ್ಲಿನ ಸೈರನ್‌ನಿಂದ.

ಇದು ನನ್ನನ್ನು ಬೆಚ್ಚಿಬೀಳಿಸಿತು. ನಾವು ಮಕ್ಕಳಾಗಿದ್ದಾಗ ನೋಡುತ್ತಿದ್ದೆವು. ಪಾಳಿ ಬದಲಾಗುವ ಸೈರನ್ ಕೂಗಿದಾಗ ರಂಗೂನಮ್ಮ ನಿಂತಲ್ಲೇ ನಿಲ್ಲುತ್ತಿದ್ದರು. ಸೊಂಟದ ಮೇಲೆ ಕೊಡ ಇದ್ದರೂ ಅಷ್ಟೇ. ಸೈರನ್ ಮುಗಿದಮೇಲೆ ಮತ್ತೆ ಹೆಜ್ಜೆ ಹಾಕುತ್ತಿದ್ದರು. ನಾವು ಅದನ್ನು ಆಟ ಮಾಡಿಕೊಂಡಿದ್ದೆವು. ಸೈರನ್ ಕೂಗಿದಾಗ ಯಾರು ಅಲ್ಲಾಡುತ್ತಾರೋ ಅವರು ಔಟ್. ಟೇಪಿನಲ್ಲಿ ಅವರು ಮಾತು ಶುರು ಮಾಡಿದ್ದೇ ಸೈರನ್ ಕೂಗುತ್ತದೆ. ಅವರ ಮಾತು ನಿಲ್ಲುತ್ತದೆ. ಸೈರನ್ ಮುಗಿಯುತ್ತದೆ. ಆಮೇಲೆ, "ಅಲ್ಲೂ ಹಿಂಗೇ ಕೂಗ್ತು" ಅನ್ನುತ್ತಾರೆ.

ಅವರ ಅಪ್ಪ ರಂಗೂನ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಆಗಿನ ರಂಗೂನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಭಾರತದಿಂದ ಹೋದವರೇ. 1941ರ ಡಿಸೆಂಬರ್ 23, ಬೆಳಗ್ಗೆ. ಸೈರನ್ ಕೂಗಿತು. ಯಾರೂ ಅಡಗಿಕೊಳ್ಳಲಿಲ್ಲ. ಅಷ್ಟೊಂದು ವಿಮಾನಗಳನ್ನು ಒಟ್ಟಿಗೆ ಯಾರೂ ನೋಡಿರಲಿಲ್ಲ. ಜನ ಮನೆಯಿಂದ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ನಿಂತು ನೋಡಿದರು. ಹನ್ನೊಂದು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ಅವನಿಗೂ ತೋರಿಸಿದಳು. "ಬೆಳ್ಳಿ ಬೆಳ್ಳಿ ಹೊಳೀತಿದ್ವು ಅಣ್ಣಯ್ಯ, ಚೆಂದ ಇದ್ವು" ಅನ್ನುತ್ತಾರೆ. ಅವ್ವ ಸಂತೆಗೆ ಹೋಗಿದ್ದಳು. ಅವ್ವ ಮತ್ತೆ ಬರಲಿಲ್ಲ.

ಅವತ್ತು ಒಂದೇ ದಿನ ರಂಗೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಾಗೆ ಬೀದಿಯಲ್ಲಿ ನಿಂತು ನೋಡುತ್ತಿದ್ದವರೇ ತುಂಬಾ. ಜಪಾನಿನ ವಿಮಾನಗಳು ಎರಡು ದಿನ ಬಿಟ್ಟು 25ರಂದು ಮತ್ತೆ ಬಂದವು. ಊರು ಖಾಲಿಯಾಗತೊಡಗಿತು. ನಾನು ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಎರಡನೇ ಮಹಾಯುದ್ಧದ ಪಾಠದಲ್ಲಿ ಲಂಡನ್ ಹೇಳಿದ್ದೇನೆ, ಹಿರೋಷಿಮಾ ಹೇಳಿದ್ದೇನೆ. ನಮ್ಮ ವಠಾರದ ಕೊನೇ ಮನೆಯಲ್ಲಿದ್ದ ರಂಗೂನ್ ಹೇಳಿರಲಿಲ್ಲ.

ಅಪ್ಪ, ಹುಡುಗಿ, ತಮ್ಮ, ಮೂವರು ಪ್ರೋಮ್ ಊರಿಗೆ ಹೋದರು. ಅಲ್ಲಿಂದ ಬೆಟ್ಟ ಹತ್ತಿ ಇಳಿದು ಟೌಂಗಪ್ ಅನ್ನುವ ಕಡಲ ತೀರದ ಊರಿಗೆ ನೂರು ಮೈಲಿಗೂ ಜಾಸ್ತಿ ನಡೆದರು. ದೊಡ್ಡಣ್ಣ ಬರಲಿಲ್ಲ. ಅಕ್ಕಿ ಗಿರಣಿಯಲ್ಲಿ ಅವನಿಗೆ ಎರಡು ತಿಂಗಳ ಸಂಬಳ ಬರಬೇಕಿತ್ತು. ಇಸ್ಕೊಂಡು ಬರ್ತೀನಿ, ನೀವು ನಡೀರಿ ಅಂದ. ಬರ್ಮಾದಿಂದ ಹಾಗೆ ಹೊರಟವರು ಸುಮಾರು 5 ಲಕ್ಷ ಜನ. ಹತ್ತಾರು ಸಾವಿರ ಜನ ದಾರಿಯಲ್ಲೇ ಹೋದರು, ಕಾಲರಾ, ಹಸಿವು, ಸುಸ್ತು. ರಂಗೂನಮ್ಮ ಅದನ್ನೆಲ್ಲ ಜಾಸ್ತಿ ಹೇಳುವುದಿಲ್ಲ. ನೀರಿನ ಬಗ್ಗೆ ಹೇಳುತ್ತಾರೆ. ಒಂದು ಚೊಂಬು ನೀರಿಗೆ ಅಪ್ಪ ಎಷ್ಟು ದುಡ್ಡು ಕೊಟ್ಟರು ಅನ್ನುವುದನ್ನು ಹೇಳುತ್ತಾರೆ. ಆ ಚೊಂಬು ಅವ್ವನದು, ಹಿತ್ತಾಳೆಯದು. ಮನೆಯಿಂದ ತಂದ ಸಾಮಾನು ಅಂದರೆ ಅದೊಂದೇ. ಅದರಲ್ಲಿ ನಾನು ಎಷ್ಟು ಸಲ ನೀರು ಕುಡಿದಿದ್ದೇನೋ, ಅದರ ಬಾಯಿ ಹತ್ತಿರ ಒಂದು ನೆಗ್ಗು ಇದ್ದದ್ದು ಕೂಡ ನೆನಪಿದೆ.

ದೋಣಿ, ಹಡಗು, ರೈಲು, ಎಲ್ಲ ಹತ್ತಿ ಇಳಿದು ಕಾಕಿನಾಡದ ಹತ್ತಿರದ ತಮ್ಮ ಊರು ಸೇರಿದರು. ತಿಂಗಳಾಯಿತೋ ಇಲ್ಲವೋ, 1942ರ ಏಪ್ರಿಲ್ 6ಕ್ಕೆ ಜಪಾನಿನ ವಿಮಾನಗಳು ಅಲ್ಲಿಗೂ ಬಂದವು. ವಿಶಾಖಪಟ್ಟಣ, ಕಾಕಿನಾಡ ಎರಡರ ಮೇಲೂ ಅವತ್ತು ಬಾಂಬ್ ಬಿತ್ತು. ಈ ಸಲ ಹುಡುಗಿ ಹೊರಗೆ ಬಂದು ನೋಡಲಿಲ್ಲ. ತಮ್ಮನನ್ನು ಎಳೆದುಕೊಂಡು ಬಾವಿಯ ಮೆಟ್ಟಿಲಿಳಿದು ಕೂತಳು. ಕತ್ತಲಾದಮೇಲೂ ಮೇಲೆ ಬರಲಿಲ್ಲ. "ಸಮುದ್ರ ಇಲ್ಲದ ಊರಿಗೆ ಹೋಗೋಣ ಅಂದೆ ನಾನು ನಾಯನಕ್ಕೆ" ಅನ್ನುತ್ತಾರೆ. ನಾಯನ ಅಂದರೆ ತೆಲುಗಿನಲ್ಲಿ ಅಪ್ಪ. ಸಂಬಂಧಿಕರೊಬ್ಬರು ದಾವಣಗೆರೆ ಮಿಲ್ಲಿನಲ್ಲಿದ್ದರು. ಹೀಗೆ ಅವರು ನಮ್ಮೂರಿಗೆ ಬಂದರು. ನನಗೆ ಇದು ಗೊತ್ತಿರಲಿಲ್ಲ. ಕೂಲಿ ಹುಡುಕಿಕೊಂಡು ಬಂದವರು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

ಇನ್ನು ಈ ಅಂಗಡಿಯವರ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು.

ಅವರು ಎರಡು ಕಾಪಿ ಕೊಡುತ್ತಾರೆ. ಒಂದು ಕ್ಲೀನ್ ಕಾಪಿ. ಕಂಪ್ಯೂಟರ್‌ನಲ್ಲಿ ಹಾಕಿ ಸರಸರ ಸದ್ದು ತೆಗೆದು, ಫ್ಯಾನಿನ ಸದ್ದು ಕಡಿಮೆ ಮಾಡಿ, ಯಾರೂ ಮಾತಾಡದ ಜಾಗಗಳನ್ನು ಕತ್ತರಿಸಿದ್ದು. ಇನ್ನೊಂದು ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದು. ಇದು ತುಂಬಾ ಜಾಗ ತಿನ್ನುತ್ತದೆ, ತೊಂಬತ್ತು ನಿಮಿಷಕ್ಕೆ ಸುಮಾರು 900 ಎಂಬಿ. ನಾನು ಕ್ಲೀನ್ ಕಾಪಿ ಒಂದೇ ಸಾಕು ಅಂದಿದ್ದೆ. ಫೋನಿನಲ್ಲಿ ಕೇಳಲು ಸುಲಭ, ಅಲ್ವಾ? ದುಡ್ಡು ಕೊಟ್ಟು ಎದ್ದೆ. ಅವರು, "ಮೇಡಂ, ಒಂದು ನಿಮಿಷ ಕೂತ್ಕೊಳ್ರಿ. ಬಿ ಸೈಡ್ ಕಡೀಗೆ ಒಂದು ಜಾಗ ಐತಿ. ಕ್ಲೀನ್ ಕಾಪಿಯಾಗ ಅದು ಹೋಗಿಬಿಟ್ಟೈತಿ. ಇದ್ದಂಗೆ ಇರೋದ್ರಾಗೆ ಕೇಳ್ರಿ" ಅಂದರು.

ಕೇಳಿದೆ. ರಂಗೂನಮ್ಮ ತಮ್ಮ ಕಥೆ ಮುಗಿಸಿದ್ದಾರೆ. ಮಾಮ ಏನೋ ಸಮಾಧಾನದ ಮಾತು ಹೇಳುತ್ತಾನೆ. ಆಮೇಲೆ ಅವರು ಕೇಳುತ್ತಾರೆ:

"ಅಣ್ಣಯ್ಯ, ನೀವು ರಿಪೇರಿ ಮಾಡ್ತಿದ್ರಲ್ಲ, ಆ ವಿಮಾನ ಎಲ್ಲಿಗೆ ಹೋಗ್ತಿದ್ವು?"

ಕ್ಲೀನ್ ಕಾಪಿಯಲ್ಲಿ ಇದಾದ ತಕ್ಷಣ ಅಜ್ಜನ ಉತ್ತರ ಬರುತ್ತದೆ. ಅಂಗಡಿಯಲ್ಲಿ ಯಾರೋ ಬೆಲೆ ಕೇಳಿದರೆ ಹೇಳುವಷ್ಟು ಬೇಗ. ಇದ್ದ ಹಾಗೆ ಇರುವ ಕಾಪಿಯಲ್ಲಿ ಹಾಗಿಲ್ಲ. ಅಲ್ಲಿ ಮೂವತ್ತೆಂಟು ಸೆಕೆಂಡ್ ಯಾರೂ ಮಾತಾಡುವುದಿಲ್ಲ. ಫ್ಯಾನ್ ತಿರುಗುತ್ತದೆ. ದೂರದಲ್ಲಿ ಮಕ್ಕಳು ಪಟಾಕಿ ಹೊಡೆಯುತ್ತಾರೆ. ಯಾರದೋ ಬಳೆ ಸದ್ದಾಗುತ್ತದೆ. ಅಜ್ಜನ ಉಸಿರು ಕೇಳುತ್ತದೆ, ಮೂಗಿನಿಂದ ಎಳೆದು ಬಾಯಿಂದ ಬಿಡುವ ಉಸಿರು. ಆಮೇಲೆ ಅವನು ಹೇಳುತ್ತಾನೆ:

"ರಂಗೂನಿಗೂ ಹೋಗ್ತಿದ್ವು, ತಂಗಿ."

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಕೈಗೆ ಹೋಯಿತು, 1945ರ ಮೇವರೆಗೂ ಅವರ ಕೈಯಲ್ಲೇ ಇತ್ತು. ಆ ಮೂರು ವರ್ಷ ಅದರ ಮೇಲೆ ಬಾಂಬ್ ಹಾಕಿದ್ದು ಬಂಗಾಳದ ಕಡೆಯಿಂದ ಹಾರಿದ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು. ಬಂದರು, ರೈಲು ಯಾರ್ಡು, ಅವುಗಳ ಪಕ್ಕದ ಬೀದಿಗಳು. ಲಿಬರೇಟರ್‌ಗಳೇ ಜಾಸ್ತಿ ಹೋಗುತ್ತಿದ್ದವು. ಅಜ್ಜ ಒಳಗೆ ಕೂತು ತೇಪೆ ಹಾಕಿದಂಥವು.

"ನಮ್ಮ ದೊಡ್ಡಣ್ಣ ಅಲ್ಲೇ ಇದ್ದ" ಅನ್ನುತ್ತಾರೆ ರಂಗೂನಮ್ಮ. ಬೈಯುವ ದನಿಯಲ್ಲ. ಅಳುವುದೂ ಇಲ್ಲ. ಆಮೇಲೆ ಕೇಳುತ್ತಾರೆ, "ಆ ಹುಡುಗ್ರು ಎಷ್ಟು ವಯಸ್ಸಿನೋರು, ವಿಮಾನದಾಗೆ ಹೋಗೋರು?"

"ನನ್ನಷ್ಟೇ. ಇಪ್ಪತ್ತು, ಇಪ್ಪತ್ತೆರಡು."

"ದೊಡ್ಡಣ್ಣಂಗೂ ಅಷ್ಟೇ."

ಅಷ್ಟರಲ್ಲಿ ಒಂದು ಹುಡುಗಿಯ ದನಿ ಬರುತ್ತದೆ. "ಅಜ್ಜಾ, ಕಾಫಿ." ಅದು ನಾನು. ಅಲ್ಲಿಗೆ ಟೇಪು ಮುಗಿಯುತ್ತದೆ, ಟಕ್ ಅಂತ ಬಟನ್ ಮೇಲೆ ಬಂದ ಸದ್ದು.

ಹೆಡ್‌ಫೋನ್ ತೆಗೆದು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಅಂಗಡಿಯವರು ಕೆಳಗೆ ಹೋಗಿ ಚಹಾ ತಂದುಕೊಟ್ಟರು. ಏನೂ ಕೇಳಲಿಲ್ಲ. ಇನ್ನೊಬ್ಬರಾಗಿದ್ದರೆ ನಾನು ಕೇಳಿದ ಕಾಪಿ ಕೊಟ್ಟು ಕಳಿಸಿಬಿಡುತ್ತಿದ್ದರು. ಇವರು ತೊಂಬತ್ತು ನಿಮಿಷವೂ ಕಿವಿಗೊಟ್ಟು ಕೇಳಿದ್ದರು. ಮೆಷಿನ್ ಕತ್ತರಿಸಿದ ಆ ಜಾಗದಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಾಗಿತ್ತು. ಇದಕ್ಕೆ ನಾನು ಅವರಿಗೆ ಋಣಿ. ನೀವು ಎಲ್ಲೇ ಕ್ಯಾಸೆಟ್ ಕೊಡಿ, ಇದ್ದ ಹಾಗೆ ಇಳಿಸಿದ ಕಾಪಿಯನ್ನು ಕೇಳಿ ಇಸ್ಕೊಳ್ಳಿ. ಜಾಗ ಜಾಸ್ತಿ ತಿಂದರೂ ತಿನ್ನಲಿ.

ಆಮೇಲೆ ಅಜ್ಜನ ಆ ಹುಡುಗರ ಬಗ್ಗೆ ಹುಡುಕಿ ಓದಿದೆ. ವಿಮಾನ ಉರುಳಿಬಿದ್ದು ಜಪಾನೀಯರ ಕೈಗೆ ಸಿಕ್ಕವರಲ್ಲಿ ತುಂಬಾ ಜನರನ್ನು ರಂಗೂನ್ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ಅವರನ್ನು ಯುದ್ಧಕೈದಿಗಳು ಅಂತಲೂ ಲೆಕ್ಕಕ್ಕೆ ತಗೊಳ್ಳದೆ, ಅಪರಾಧಿಗಳು ಅಂದು ಒಂಟಿ ಕೋಣೆಗಳಲ್ಲಿ ಹಾಕಿದ್ದರು. ತಮ್ಮದೇ ಗೆಳೆಯರು ಹಾಕುವ ಬಾಂಬ್ ಅವರ ತಲೆಯ ಮೇಲೂ ಬೀಳುತ್ತಿತ್ತು. ಊರಿನಲ್ಲಿ ಉಳಿದ ಜನ ಹೇಗೆ ಸದ್ದು ಕೇಳಿ ಗೋಡೆಗೆ ಅಂಟಿಕೊಳ್ಳುತ್ತಿದ್ದರೋ ಇವರೂ ಹಾಗೇ. 1945ರ ಏಪ್ರಿಲ್ ಕೊನೆಗೆ ಜಪಾನಿನ ಕಾವಲುಗಾರರು ಜೈಲು ಬಿಟ್ಟು ಹೋದರು. ಕೈದಿಗಳು ಛಾವಣಿಯ ಮೇಲೆ ದೊಡ್ಡ ಅಕ್ಷರದಲ್ಲಿ ಜಪಾನೀಯರು ಹೋದರು ಅಂತ ಬರೆದರು. ಇದು ಮೋಸ ಇರಬಹುದು ಅಂತ ಮೇಲೆ ಹಾರುವವರು ನಂಬದೆ ಹೋದರೆ? ಅದಕ್ಕೆ ತಮ್ಮ ವಾಯುಪಡೆಯವರಿಗೆ ಮಾತ್ರ ಗೊತ್ತಿರುವ ಒಂದು ಪೋಲಿ ಮಾತನ್ನೂ ಬರೆದರು. ಎರಡು ಮೂರು ದಿನದಲ್ಲೇ ಸೇನೆ ಊರು ಸೇರಿತು. ಆ ಉಣ್ಣೆಯ ಕಾಲುಚೀಲದವನು ಆ ಛಾವಣಿಯ ಕೆಳಗೆ ಇದ್ದನೋ ಏನೋ ಅಂತ ನನ್ನ ಮನಸ್ಸು ಕೇಳುತ್ತಲೇ ಇರುತ್ತದೆ.

ಗೋರಿಯೂ ಇಲ್ಲದ ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆಗಳ ಹುಡುಗರ ಹೆಸರುಗಳನ್ನು ಸಿಂಗಪುರದ ಕ್ರಾಂಜಿಯಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಸೈನಿಕರದೂ ಸೇರಿ ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಒಳ್ಳೆಯ ಕೆಲಸ. ರಂಗೂನಮ್ಮನ ಅವ್ವನ ಹೆಸರು ಈ ಕ್ಯಾಸೆಟ್‌ನಲ್ಲಿದೆ. ಅವರು ಅದನ್ನು ಮೂರು ಸಲ ಹೇಳುತ್ತಾರೆ. ದೊಡ್ಡಣ್ಣನ ಹೆಸರನ್ನು ಎರಡು ಸಲ. ಅದಕ್ಕೇ ಈ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ ಬಿ ಸೈಡ್ ಕೇಳಿಸಿದೆ, ಅವರ ಮಗಳ ಒಪ್ಪಿಗೆ ತಗೊಂಡು. ಮಾತಿಲ್ಲದ ಆ ಮೂವತ್ತೆಂಟು ಸೆಕೆಂಡ್ ಬಂದಾಗ ಕೊನೇ ಬೆಂಚಿನ ಹುಡುಗರು ಕೂಡ ಅಲ್ಲಾಡಲಿಲ್ಲ.

ದುಡ್ಡಿನ ವಿಷಯ. ತೊಂಬತ್ತು ನಿಮಿಷದ ಕ್ಯಾಸೆಟ್ ಇಳಿಸಲು 400 ರೂಪಾಯಿ ತಗೊಂಡರು. ಡಬ್ಬಿ ಬದಲಾಯಿಸಿ, ಬೂಸ್ಟು ಒರೆಸಿ, ತುಂಡು ಜೋಡಿಸಿದ್ದಕ್ಕೆ 250. ಪೆನ್‌ಡ್ರೈವ್ ನಮ್ಮದೇ ತಗೊಂಡು ಹೋಗಬೇಕು. ಅವರು ಮಾಡಿದ ಕೆಲಸಕ್ಕೆ ಇದು ತೀರಾ ಕಡಿಮೆ. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತಾರೆ. ಭಾನುವಾರ ಇಲ್ಲ. ಕ್ಯಾಸೆಟ್ ಅನ್ನು ಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಬೇಡಿ, ನಮ್ಮೂರ ಬಿಸಿಲಿಗೆ ಅದು ಕಾದುಬಿಡುತ್ತದೆ. ಕೈಚೀಲದಲ್ಲಿ ನಿಲ್ಲಿಸಿ ಇಟ್ಟುಕೊಳ್ಳಿ. ಮನೆಯಲ್ಲಿ ಒಂದು ಸಲ ಹಾಕಿ ನೋಡೋಣ ಅಂತ ಹೋಗಲೇಬೇಡಿ, ಟೇಪು ಹರಿಯುವುದು ಆಗಲೇ.

ರಂಗೂನಮ್ಮನ ಮಗಳು ಈಗ ನಿಟ್ಟುವಳ್ಳಿಯಲ್ಲಿ ಇದ್ದಾರೆ. ಅವರಿಗೂ ಒಂದು ಕಾಪಿ ಬೇಕು ಅಂದಾಗ ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ. ಪುಟ್ಟ ಸ್ಪೀಕರ್ ತಗೊಂಡು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಕೇಳಿದೆವು. ಮುಗಿದಮೇಲೆ ಅವರು, "ಆಮೇಲೆ ಏನಾತಕ್ಕಾ? ನೀನು ಅಲ್ಲೇ ಇದ್ದೆಲ್ಲ" ಅಂದರು.

ನೆನಪಿದ್ದದ್ದು ಹೇಳಿದೆ. ನಾನು ಕಾಫಿ ಇಟ್ಟೆ. ಯಾರೂ ಮಾತಾಡುತ್ತಿರಲಿಲ್ಲ. ಮಂಡಕ್ಕಿ ಖಾರ ಆಗಿದೆಯೇನೋ ಅಂತ ನನಗೆ ಭಯ ಆಗಿತ್ತು. ಆಮೇಲೆ ಕರೆಂಟ್ ಹೋಯಿತು. ರಂಗೂನಮ್ಮ ಎದ್ದರು. ಅಜ್ಜನೂ ಎದ್ದ. ಗೂಟದಲ್ಲಿದ್ದ ಕಂದೀಲು ತಗೊಂಡು ಹಚ್ಚಿದ. ಅವರ ಮನೆ ಎಂಟು ಬಾಗಿಲು ದೂರ, ಕಣ್ಣು ಮುಚ್ಚಿಕೊಂಡು ಹೋಗಬಹುದಾದ ದಾರಿ. ಆದರೂ ಅಜ್ಜ ಕಂದೀಲನ್ನು ಅವರ ಕಾಲಿನ ಹತ್ತಿರ ಬಗ್ಗಿಸಿ ಹಿಡಿದು, ಬಾಗಿಲಿನವರೆಗೂ ಜೊತೆಗೆ ನಡೆದ. ಅವರು ಒಳಗೆ ಹೋಗಿ ಚಿಲಕ ಹಾಕಿದಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

"ಇನ್ನೊಂದು ಸಲ ಹಾಕಕ್ಕಾ" ಅಂದರು ಅವರು. "ಅವ್ವ ನಮ್ಮಜ್ಜಿ ಹೆಸರು ಹೇಳ್ತಾಳಲ್ಲ, ಅಲ್ಲಿಂದ."